ಏಳೇ ಮಂದಿ ಬಂದ ದಿನ



ಪ್ರತಿ ಸಲ ಯುವಜನರ ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಬಾಯಲ್ಲಿ ಬರುವ ಮೊದಲ ಮಾತು ಯಾವುದು ಗೊತ್ತೇ? "ಎಷ್ಟು ಮಂದಿ ಬಂದಿದ್ದರು?" ಎರಡನೆಯ ಮಾತು, "ಅಷ್ಟೇನಾ?" ಈ ಎರಡನೆಯ ಮಾತಿನ ಬಗ್ಗೆ ನಮಗೊಂದು ತಕರಾರಿದೆ. ಆ ತಕರಾರು ಹುಟ್ಟಿದ್ದು ಒಂದು ಕ್ರಿಕೆಟ್ ಪಂದ್ಯದಿಂದ. ಅದನ್ನೇ ಇಲ್ಲಿ ಹೇಳುತ್ತೇವೆ.

2025ರ ಮೇ 17, ಶನಿವಾರ ರಾತ್ರಿ. ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಂದು ಚಹಾ ಅಂಗಡಿಯ ಮುಂದೆ ನಾವು ನಾಲ್ಕೈದು ಮಂದಿ ಒಂದೇ ಮೊಬೈಲಿಗೆ ಮುಖವಿಟ್ಟು ಕೂತಿದ್ದೆವು. ಭಾರತ-ಪಾಕಿಸ್ತಾನ ಸಂಘರ್ಷದಿಂದಾಗಿ ಮೇ 9ರಂದು ನಿಂತಿದ್ದ ಐಪಿಎಲ್ ಅಂದು ಮತ್ತೆ ಶುರುವಾಗಬೇಕಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಕೋಲ್ಕತ್ತ ತಂಡಗಳ ಪಂದ್ಯ. ಎರಡೂ ಕಡೆ ಪೂರ್ಣ ತಂಡ ಇರಲಿಲ್ಲ. ಆರ್‌ಸಿಬಿಯ ಹೇಜಲ್‌ವುಡ್ ಇನ್ನೂ ಮರಳಿರಲಿಲ್ಲ, ನಮ್ಮ ದೇವದತ್ತ ಪಡಿಕ್ಕಲ್ ಗಾಯಗೊಂಡು ಹೊರಗಿದ್ದರು, ಅವರ ಜಾಗಕ್ಕೆ ಮಯಾಂಕ್ ಅಗರ್‌ವಾಲ್ ಬಂದಿದ್ದರು. ಆ ಕಡೆ ಮೊಯೀನ್ ಅಲಿ ಇರಲಿಲ್ಲ. ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದ್ದ ಕೊಹ್ಲಿಗಾಗಿ ಜನ ಬಿಳಿ ಅಂಗಿ ತೊಟ್ಟು ಬಂದಿದ್ದರು. ಎಲ್ಲರಿಗಿಂತ ಮೊದಲು ಬಂದದ್ದು ಮಳೆ.

ಚಿನ್ನಸ್ವಾಮಿಯ ನೆಲದಡಿಯಲ್ಲಿ 2017ರಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇದೆ. ನಿಮಿಷಕ್ಕೆ ಸುಮಾರು 10,000 ಲೀಟರ್ ನೀರು ಎಳೆಯುತ್ತದೆ ಎನ್ನುತ್ತಾರೆ. 2024ರ ಮೇ 18ರಂದು ಇದೇ ಮೈದಾನದಲ್ಲಿ ಮಳೆ ಬಂದು ನಿಂತ ಮೇಲೆ ಆಟ ಮುಂದುವರಿದು, ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿದ್ದನ್ನು ನಾವು ಯಾರೂ ಮರೆತಿರಲಿಲ್ಲ. ಹಾಗಾಗಿ ಕಾದೆವು. ಈ ಸಲ ಮಳೆಯೇ ಬಿಡಲಿಲ್ಲ. ಟಾಸ್ ಕೂಡ ಆಗಲಿಲ್ಲ. ಎರಡೂ ತಂಡಕ್ಕೆ ತಲಾ ಒಂದು ಅಂಕ. ಆರ್‌ಸಿಬಿಗೆ 17 ಅಂಕವಾಯಿತು, ಕೋಲ್ಕತ್ತದ ದಾರಿ ಮುಚ್ಚಿತು.

"ಇರ್ಲಿ ಬಿಡ್ರಿ, ನಾಳಿ ನಮ್ಮ ಮ್ಯಾಚ್ ಐತಿ" ಎಂದು ಎದ್ದೆವು. ಹೌದು, ಮರುದಿನ ಸಂಜೆ ನಮ್ಮ ಯುವಕರ ತಂಡದ ಆ ಋತುವಿನ ಮೊದಲ ಪಂದ್ಯ, ಅದೂ ನಮ್ಮದೇ ಮೈದಾನದಲ್ಲಿ. ಮೈದಾನ ಎಂದರೆ ದೊಡ್ಡದೇನಲ್ಲ, ಕಾರ್ಖಾನೆಗಳ ಹಿಂದಿನ ಖಾಲಿ ಜಾಗ. ಟೆನಿಸ್ ಬಾಲ್, ಎಂಟು ಓವರ್. ಆದರೂ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು, ಕೂರಲು ತಾಡಪತ್ರಿ ಹಾಸಲು ಸಿದ್ಧ ಮಾಡಿಕೊಂಡಿದ್ದೆವು.

ಆ ಪಂದ್ಯ ನಡೆಯಲಿಲ್ಲ. ಮೇ 18ರ ಬೆಳಗಿನ ಜಾವ, ನಾವೆಲ್ಲ ನಿದ್ದೆಯಲ್ಲಿದ್ದಾಗ, ನಮ್ಮ ಇದೇ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಎಂಟು ಜೀವಗಳು ಹೋದವು. ಮಾಲೀಕರು, ಅವರ ಮನೆಯವರು, ಅಲ್ಲಿನ ಕಾರ್ಮಿಕ ಕುಟುಂಬದವರು. ಅವರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಹಿಂದಿನ ರಾತ್ರಿ ಮಳೆ ನಿಲ್ಲಲಿ ಎಂದು ಬೇಡಿದ ನಾವು ಬೆಳಿಗ್ಗೆ ಹೊಗೆ ನೋಡುತ್ತಾ ಒಂದು ಮಳೆ ಬರಬಾರದೇ ಎಂದುಕೊಂಡೆವು. ಅಂದು ಯಾರೂ ಪಂದ್ಯದ ಮಾತೆತ್ತಲಿಲ್ಲ. ಎತ್ತಬಾರದಿತ್ತು ಕೂಡ.

ಒಂದು ವಾರ ಬಿಟ್ಟು, ಮೇ 25ರ ಭಾನುವಾರ ಮತ್ತೆ ಪಂದ್ಯ ಇಟ್ಟೆವು. ಆ ವರ್ಷದ ಮೇ ತಿಂಗಳು ನಿಮಗೆ ನೆನಪಿರಬಹುದು. ಬಿಸಿಲಿಗೆ ಹೆಸರಾದ ನಮ್ಮ ಸೊಲ್ಲಾಪುರದಲ್ಲೂ ಅವಕಾಳಿ ಮಳೆ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು, 26ಕ್ಕೆ ಮುಂಬೈಗೂ ಬಂತು. ಸಂಜೆ ನಾಲ್ಕಕ್ಕೆ ಮೋಡ ಕವಿದು, ನೆಲ ಹಸಿಯಾಗಿ, ಎದುರು ತಂಡದವರು ಹನ್ನೊಂದು ಮಂದಿ ಬಂದು ನಿಂತರು. ನಾವು ಎಣಿಸಿದೆವು. ಏಳು.

ಉಳಿದ ನಾಲ್ವರು ಎಲ್ಲಿ? ಇಬ್ಬರಿಗೆ ಮಗ್ಗದ ಪಾಳಿ. ಒಬ್ಬ ಕೆಲಸದ ಸಂದರ್ಶನಕ್ಕೆಂದು ಪುಣೆಯ ಬಸ್ ಹತ್ತಿದ್ದ. ಇನ್ನೊಬ್ಬ, ನಮ್ಮ ಮುಖ್ಯ ಬೌಲರ್, ಫೋನೇ ಎತ್ತಲಿಲ್ಲ.

ಆಗ ನಾವು ಮಾಡಿದ ಮೊದಲ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬಂದ ಏಳು ಮಂದಿಯನ್ನು ನಿಲ್ಲಿಸಿಕೊಂಡು, ಬಾರದ ನಾಲ್ವರಿಗೆ ಹೇಳಬೇಕಾದ್ದನ್ನೆಲ್ಲ ಅವರಿಗೆ ಹೇಳಿದೆವು. "ಜವಾಬ್ದಾರಿ ಇಲ್ಲ, ಶಿಸ್ತಿಲ್ಲ, ನಿಮಗೆ ತಂಡ ಬೇಕೋ ಬೇಡೋ?" ಮಳೆಯಲ್ಲಿ ಸೈಕಲ್ ತುಳಿದು ಬಂದ ಹುಡುಗ ಒದ್ದೆ ತಲೆ ತಗ್ಗಿಸಿ ಕೇಳಿಸಿಕೊಂಡ. ಅಷ್ಟು ಸಾಲದೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಾರದವರ ಹೆಸರುಗಳನ್ನೂ ಹಾಕಿದೆವು.

ಗುರುತು ಹಿಡಿದಿರಿ ಅಲ್ಲವೇ? ಇದು ಕ್ರಿಕೆಟ್‌ಗೆ ಮಾತ್ರ ಸೇರಿದ ಚಾಳಿಯಲ್ಲ. ಗಾಯನವೃಂದದ ಅಭ್ಯಾಸ, ರಕ್ತದಾನ ಶಿಬಿರ, ಯುವಜನರ ಸಭೆ, ಎಲ್ಲ ಕಡೆಯೂ ಬಾರದವರ ಮೇಲಿನ ಸಿಟ್ಟನ್ನು ಬಂದವರು ಹೊರುತ್ತಾರೆ. ಎರಡು ಸಲ ಹೊತ್ತವನು ಮೂರನೆಯ ಸಲ ಬರುವುದಿಲ್ಲ. ಆಮೇಲೆ ಅವನ ಹೆಸರೂ ಆ ಪಟ್ಟಿಗೆ ಸೇರುತ್ತದೆ.

ಪಂದ್ಯ ಬಿಟ್ಟುಬಿಡೋಣ ಎಂದರು ಕೆಲವರು. "ಏಳು ಮಂದಿ ಆಡಿ ಸೋತ್ರ ಮರ್ಯಾದಿ ಹೋಗ್ತೈತಿ." ಅಮೆರಿಕದ ಬೇಸ್‌ಬಾಲ್ ಲೀಗ್ ಆಗಿದ್ದರೆ ಚರ್ಚೆಯೇ ಇರುತ್ತಿರಲಿಲ್ಲ. ಅಲ್ಲಿ ಒಂಬತ್ತು ಮಂದಿಯನ್ನು ಮೈದಾನಕ್ಕೆ ಇಳಿಸಲಾಗದ ತಂಡ ಸೋತಂತೆಯೇ ಲೆಕ್ಕ. ನಮ್ಮ ಗಲ್ಲಿ ಕ್ರಿಕೆಟ್ ಅಷ್ಟು ಕಟ್ಟುನಿಟ್ಟಲ್ಲ, ದೇವರಿಗೆ ಸ್ತೋತ್ರ. ಕಡಿಮೆ ಬಿದ್ದರೆ ಎರಡೂ ಕಡೆಗೆ ಆಡುವ 'ಕಾಮನ್' ಆಟಗಾರ ಇರುತ್ತಾನೆ, ನೋಡಲು ಬಂದವರನ್ನೂ ಕರೆಯಬಹುದು.

ನೋಡಲು ಬಂದವರಲ್ಲಿ ನಮ್ಮ ಗಾಯನವೃಂದದ ಇಬ್ಬರು ಅಕ್ಕಂದಿರಿದ್ದರು. ಪ್ರತಿ ಪಂದ್ಯಕ್ಕೂ ನೀರಿನ ಕ್ಯಾನ್, ಹುರಿದ ಶೇಂಗಾ ತರುವವರು ಅವರೇ. ಸ್ಕೋರ್ ಬರೆಯುವವರೂ ಅವರೇ. ಜೊತೆಗೆ ಚರ್ಚ್ ಆವರಣ ನೋಡಿಕೊಳ್ಳುವ ಐವತ್ತು ದಾಟಿದ ಕಾಕಾ ಇದ್ದರು. "ಆಡ್ತೀರೇನ್ರಿ?" ಎಂದು ಕೇಳಿದೆವು. ಒಬ್ಬ ಅಕ್ಕ ಹೇಳಿದ್ದು ಇಷ್ಟೇ: "ಮೂರು ವರ್ಷದಿಂದ ಕೇಳ್ತೀರೇನೋ ಅಂತ ಕಾಯಾಕತ್ತೀವಿ."

ಹೀಗೆ ಹತ್ತಾದೆವು. ಮೊದಲು ಎದುರು ತಂಡ ಆಡಿತು, 71 ರನ್ ಹೊಡೆಯಿತು. ಒದ್ದೆ ಚೆಂಡು ಕೈಯಿಂದ ಜಾರುತ್ತಿತ್ತು. ಕಾಕಾ ಓಡಲಾರರು, ಆದರೆ ನಿಂತ ಜಾಗದಲ್ಲಿ ಎರಡು ಕ್ಯಾಚ್ ಹಿಡಿದರು. ಅಕ್ಕನೊಬ್ಬರು ನೇರ ಎಸೆತದಿಂದ ವಿಕೆಟ್ ಕೆಡವಿದಾಗ ಎದುರು ತಂಡದವರೂ ಚಪ್ಪಾಳೆ ಹೊಡೆದರು. ನಾವು ನಾಲ್ಕು ಓವರಿಗೆ 29 ಮಾಡಿದ್ದೆವು. ಅಷ್ಟರಲ್ಲಿ ತೆಂಕಣ ಕಡೆ ಮಿಂಚಿತು.

ಇಲ್ಲಿ ಬಿಎಸ್ಸಿ ಓದಿದ್ದು ಕೆಲಸಕ್ಕೆ ಬಂತು. ಬೆಳಕು ಕಣ್ಣಿಗೆ ತಕ್ಷಣ ಬರುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಿಧಾನವಾಗಿ ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಈ ಅಂತರ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಬಯಲಲ್ಲಿ ನಿಲ್ಲಬಾರದು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ನಾವು ಎಣಿಸಿದೆವು: ಹನ್ನೆರಡು. ಅಂದರೆ ನಾಲ್ಕು ಕಿಲೋಮೀಟರ್. ಆಟ ನಿಲ್ಲಿಸಿ ಎಂದು ಕೂಗಿದೆವು.

"ಸೋಲಾಕತ್ತೀರಿ ಅಂತ ನಿಲ್ಲಸ್ತೀರೇನು?" ಎಂದು ಎದುರಿನವರು ಕೆಣಕಿದರು. ನಮ್ಮ ಹುಡುಗರಲ್ಲೂ ಕೆಲವರಿಗೆ ಆಡುವ ಹುರುಪು. ಆದರೆ ಎಂಟು ದಿನದ ಹಿಂದಿನ ಹೊಗೆ ನಮ್ಮ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಎಲ್ಲರನ್ನೂ ಹತ್ತಿರದ ಕಟ್ಟಡದೊಳಗೆ ಕರೆದುಕೊಂಡು ಹೋದೆವು. ಮಳೆ ಸುರಿಯಿತು. ಅಲ್ಲಿಗೆ ಮುಗಿಯಿತು. ಶೇಂಗಾ ಮಾತ್ರ ಎರಡೂ ತಂಡ ಹಂಚಿಕೊಂಡು ತಿಂದವು.

ರಾತ್ರಿ ಹನ್ನೊಂದಕ್ಕೆ ನಮ್ಮ ಬೌಲರ್‌ನ ಸಂದೇಶ ಬಂತು. ಬೆಂಕಿಯ ನಂತರ ಅವನ ಕಾರ್ಖಾನೆಯಲ್ಲಿ ವೈರಿಂಗ್ ನೋಡುವುದು, ದಾರಿಗೆ ಅಡ್ಡವಿದ್ದ ನೂಲಿನ ಚೀಲ ಸರಿಸುವುದು ನಡೆದಿತ್ತು. ಅವನ ಭಾನುವಾರದ ರಜೆ ರದ್ದಾಗಿತ್ತು, ಫೋನ್ ಹೊರಗಿಟ್ಟು ಒಳಗಿದ್ದ. ಗುಂಪಿನಲ್ಲಿ ತನ್ನ ಹೆಸರು ಹಾಕಿದ್ದನ್ನು ನೋಡಿಯೇ ಬರೆದಿದ್ದ. ಆದರೆ ಅದರ ಬಗ್ಗೆ ಒಂದು ಮಾತಿಲ್ಲ. "ಪಾಳಿ ಈಗ ಮುಗೀತು. ಸ್ಕೋರ್ ಎಷ್ಟಾತು?"

ಆ ಪಟ್ಟಿಯನ್ನು ಅಳಿಸಿದೆವು. ಕ್ಷಮೆ ಕೇಳಿದೆವು. ಸ್ಕೋರೂ ಹೇಳಿದೆವು.

ಅಮೆರಿಕದ ಬೇಸ್‌ಬಾಲ್‌ನಿಂದ ಬಂದ ಒಂದು ಒಳ್ಳೆಯ ಪದ್ಧತಿ 'ರೈನ್ ಚೆಕ್'. ಮಳೆಗೆ ಪಂದ್ಯ ನಿಂತರೆ ಆ ಟಿಕೆಟಿನ ತುಂಡನ್ನೇ ಇಟ್ಟುಕೊಂಡು ಇನ್ನೊಂದು ದಿನ ಬಂದು ನೋಡಬಹುದು. ಅಂದರೆ ನಿಂತ ಆಟ ಸೋತ ಆಟವಲ್ಲ, ಬಾಕಿ ಉಳಿದ ಆಟ. ಎದುರು ತಂಡದ ನಾಯಕನೂ ಅದನ್ನೇ ಹೇಳಿದ: "ಇನ್ನೊಮ್ಮೆ ಆಡೂಣು." ಜೂನ್ 15ಕ್ಕೆ ಮತ್ತೆ ಆಡುವುದೆಂದಾಯಿತು.

ನಡುವೆ ಆರ್‌ಸಿಬಿ ಕಥೆ ಮುಂದುವರಿದಿತ್ತು. ಬೆಂಗಳೂರಿನ ಮಳೆಯಿಂದಾಗಿ ಅವರ ಉಳಿದೊಂದು ತವರು ಪಂದ್ಯವನ್ನೂ ಲಖನೌಗೆ ಒಯ್ದರು. ಅಲ್ಲಿ ಹೈದರಾಬಾದ್ ಎದುರು ಸೋತರು. ಮೇ 27ರಂದು ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ರಜತ್ ಪಾಟೀದಾರ್ ಬದಲು ಜಿತೇಶ್ ಶರ್ಮಾ ನಾಯಕ, ಹೇಜಲ್‌ವುಡ್ ಇಲ್ಲ, ಟಿಮ್ ಡೇವಿಡ್ ಇಲ್ಲ, ಎದುರು ಲಖನೌ 227 ರನ್. ಜಿತೇಶ್ 33 ಎಸೆತಕ್ಕೆ ಔಟಾಗದೆ 85 ಹೊಡೆದು ಗೆಲ್ಲಿಸಿದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಎದುರು ಆರು ರನ್‌ಗಳ ಗೆಲುವು, ಹದಿನೆಂಟು ವರ್ಷದ ಕಾಯುವಿಕೆಗೆ ಕೊನೆ. ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತ, ಹನ್ನೊಂದು ಸಾವು. ಒಂದೂ ಚೆಂಡು ಬೀಳದ ಮೇ 17ರ ರಾತ್ರಿ ನಾವು ಎಷ್ಟು ಬೇಸರಪಟ್ಟಿದ್ದೆವು! ಅಂದು ಮಳೆಯಲ್ಲಿ ನೆನೆದವರೆಲ್ಲ ಮನೆ ಸೇರಿದ್ದರು. ಅದಕ್ಕಿಂತ ದೊಡ್ಡ ಅಂಕ ಯಾವುದಿದೆ?

ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಜನ ಕಡಿಮೆ ಎಂಬುದು ಆಟ ಬಿಡಲು ಕಾರಣವಲ್ಲ. ಜೀವಕ್ಕೆ ಅಪಾಯ ಎಂಬುದು ಆಟ ಬಿಡಲು ಸಾಕಷ್ಟು ಕಾರಣ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಹತ್ತು ಮಂದಿ ಬಂದರೆ ಅವಮಾನವೆಂದು ಕಾರ್ಯಕ್ರಮ ಕೈಬಿಡುತ್ತೇವೆ. ಸಾವಿರ ಮಂದಿ ಬಂದರೆ ಹೆಮ್ಮೆಯಲ್ಲಿ ಹೊರಹೋಗುವ ಬಾಗಿಲು ಎಲ್ಲಿದೆ ಎಂದೂ ನೋಡುವುದಿಲ್ಲ.

ಇನ್ನೊಂದು ಮಾತು ಉಳಿದಿದೆ, ಅದು ಹೆಚ್ಚು ಚುಚ್ಚುವಂಥದು. ಜೂನ್ 15ರಂದು ನಮ್ಮ ಹನ್ನೊಂದೂ ಮಂದಿ ಬಂದರು. ಬೌಲರ್ ಬಂದ, ಪುಣೆಯವನೂ ಬಂದ. ಆಡಿ ಗೆದ್ದೆವು. ಸಂಭ್ರಮದ ಫೋಟೋ ನೋಡುವಾಗ ಗೊತ್ತಾಯಿತು: ಅಂಚಿನಲ್ಲಿ ನೀರಿನ ಕ್ಯಾನ್ ಹಿಡಿದು ಆ ಇಬ್ಬರು ಅಕ್ಕಂದಿರು ನಿಂತಿದ್ದಾರೆ. ಕಾಕಾ ಫೋಟೋದಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಫೋಟೋ ತೆಗೆದವರು ಅವರೇ. ಮಳೆಯಲ್ಲಿ, ಕೊರತೆಯಲ್ಲಿ ನಮಗೆ ಬೇಕಾದವರು ಬಿಸಿಲು ಬಂದ ಕೂಡಲೇ ಬೇಡವಾಗಿದ್ದರು. ನಾವು ಬೇಕೆಂದು ಮಾಡಲಿಲ್ಲ. ಯಾರೂ ಬೇಕೆಂದು ಮಾಡುವುದಿಲ್ಲ, ಅದೇ ತೊಂದರೆ.

ಈಗ ನಮ್ಮ ತಂಡದಲ್ಲಿ ಮೂರು ನಿಯಮ ಮಾಡಿಕೊಂಡಿದ್ದೇವೆ. ಒಂದು, ಪಂದ್ಯದ ದಿನ ಗೊತ್ತುಮಾಡುವ ಮೊದಲು ಎಲ್ಲರ ಪಾಳಿ ಕೇಳುವುದು, ಬಾರದವನಿಗೆ ಗುಂಪಿನಲ್ಲಿ ಬರೆಯದೆ ಫೋನ್ ಮಾಡಿ "ಹುಷಾರಿದ್ದೀಯಾ?" ಎಂದು ಮೊದಲು ಕೇಳುವುದು. ಎರಡು, ಮಿಂಚಿದರೆ ಎಣಿಸುವುದು, 30ಕ್ಕಿಂತ ಕಡಿಮೆಯಾದರೆ ಮಾತಿಲ್ಲದೆ ಒಳಗೆ ಹೋಗುವುದು. ಮೂರು, ತಂಡ ತುಂಬಿದ್ದರೂ ಮಳೆಯ ದಿನ ಆಡಿದ ಮೂವರಿಗೆ ಸರದಿಯ ಮೇಲೆ ಜಾಗ. ಅದಕ್ಕಾಗಿ ಗಟ್ಟಿ ಆಟಗಾರ ಹೊರಗೆ ಕೂರಬೇಕಾದರೂ ಸರಿ, ನಾಯಕನಾದರೂ ಸರಿ.

ಮೂರನೆಯದಕ್ಕೆ ತಂಡದಲ್ಲಿ ಇನ್ನೂ ಗೊಣಗಾಟ ಇದೆ. "ಸೋತ್ರ ಏನ್ ಮಾಡೂದು?" ಎನ್ನುತ್ತಾರೆ. ಸೋಲಬಹುದು. ಕಳೆದ ಸಲ ನಾಯಕ ಹೊರಗೆ ಕೂತು ಸ್ಕೋರ್ ಬರೆದ, ಅದೂ ಎರಡು ಕಡೆ ತಪ್ಪು ಬರೆದ. ಅಕ್ಕ ಬಂದು ತಿದ್ದಿದರು.

ಮುಂದಿನ ಪಂದ್ಯಕ್ಕೆ ಬನ್ನಿ. ಎಷ್ಟು ಮಂದಿ ಬಂದರೂ ಆಡುತ್ತೇವೆ. ಶೇಂಗಾ ಈ ಸಲ ನಾವೇ ತರುತ್ತೇವೆ.