ಬೇಲಿ ಬೇರೆ, ಬಡಿಗೆ ಬೇರೆ

ಸುಂಕವೆಂದರೆ ಪಾಪ ಎನ್ನುವವರ ಪೈಕಿ ನಾನಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮೊನ್ನೆ ನಮ್ಮ ಕ್ಯಾಂಪಿನ ಚಹಾದಂಗಡಿಯಲ್ಲಿ ಬಾಯಿ ತೆರೆದ ತಕ್ಷಣ ನನಗೆ ‘ಅಮೆರಿಕದ ವಕೀಲ’ ಎಂಬ ಬಿರುದು ಸಿಕ್ಕಿತು. ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಪರಿಚಿತರೊಬ್ಬರು ಬಸಿ ಕೆಳಗಿಟ್ಟು ಹೇಳಿದರು: “ಅವ್ರು ಐವತ್ತು ಹಾಕಿದ್ರ ನಾವು ನೂರು ಹಾಕಬೇಕ್ರೀ ಸರ. ಸುಮ್ಮ ಕುಂತ್ರ ತಲೀಮ್ಯಾಲ ಕುಂಡರತಾರ.”

ಅವರ ಸಿಟ್ಟು ನ್ಯಾಯವಾದದ್ದೇ. 2025ರ ಆಗಸ್ಟ್ 7ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ 25 ಸುಂಕ ಹಾಕಿತು. ರಷ್ಯಾದ ತೈಲ ಕೊಂಡದ್ದಕ್ಕೆ ದಂಡವೆಂದು ಆಗಸ್ಟ್ 27ರಿಂದ ಇನ್ನೂ 25 ಸೇರಿಸಿತು. ಔಷಧಿ, ಸ್ಮಾರ್ಟ್‌ಫೋನಿನಂಥ ಕೆಲವನ್ನು ಬಿಟ್ಟು ಬಟ್ಟೆ, ಸೀಗಡಿ, ವಜ್ರದ ಮೇಲೆ ಪೂರ್ತಿ ಏಟು ಬಿತ್ತು. ತೈಲ ಕೊಂಡ ಕಂಪನಿಗೂ ಅಂಗಿ ಹೊಲಿಯುವ ಹೆಣ್ಣುಮಗಳಿಗೂ ಏನು ಸಂಬಂಧ?

ಸುಂಕದಲ್ಲಿ ಎರಡು ಜಾತಿ. ಒಂದು ಎಳೆಯ ಪೈರಿಗೆ ಹಾಕುವ ಬೇಲಿ, ಇನ್ನೊಂದು ಪಕ್ಕದವನಿಗೆ ಬೀಸುವ ಬಡಿಗೆ. ಬೇಲಿಯ ಬೆಲೆ ನಮಗೆ ಚೆನ್ನಾಗಿ ಗೊತ್ತು. 1896ರಲ್ಲಿ ಬ್ರಿಟಿಷ್ ಸರ್ಕಾರ ಹೊರಗಿನ ಬಟ್ಟೆಗೆ ಶೇ 3.5 ಸುಂಕ ಹಾಕಿ, ಲ್ಯಾಂಕಾಶೈರಿನ ಗಿರಣಿ ಮಾಲೀಕರು ಮುನಿಯಬಾರದೆಂದು ನಮ್ಮ ಗಿರಣಿಗಳ ಬಟ್ಟೆಗೂ ಅಷ್ಟೇ ತೆರಿಗೆ ಹೇರಿತು. ಅದು ನಿಂತದ್ದು 1925ರ ಡಿಸೆಂಬರ್‌ನಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಕ್ಯಾಂಪಿಗೆ ಹತ್ತಿರದ ಟಿಳಕವಾಡಿಯಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸೇರಿತ್ತು. ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂದು ಅಲ್ಲಿ ನಿಯಮವಾಯಿತು. ಬೇಲಿ ಹಾಕುವ ಅಧಿಕಾರವಿಲ್ಲದ ಜನ ನೂಲಿನಿಂದಲೇ ಬೇಲಿ ಕಟ್ಟಹೊರಟ ಊರು ಇದು. ಇಂಥ ಊರಲ್ಲಿ ನಿಂತು ಸುಂಕವೇ ಬೇಡ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಬಡಿಗೆಯ ಕತೆ ಬೇರೆ. ಅದು ಬೀಸಿದ ಕಡೆಯೇ ಬೀಳುತ್ತದೆಂಬ ಭರವಸೆಯಿಲ್ಲ. ಅಮೆರಿಕದ ಏಟು ನಮ್ಮ ಜವಳಿ ರಫ್ತುದಾರರಿಗೆ ಬಿತ್ತು. ಅವರಿಗೆ ಅಗ್ಗದ ಹತ್ತಿ ಸಿಗಲೆಂದು ಸರ್ಕಾರ ಆಗಸ್ಟ್ 19ರಿಂದ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ಬೈಲಹೊಂಗಲ, ಸವದತ್ತಿಯ ಎರೆಹೊಲಗಳ ಹತ್ತಿ ಮಾರುಕಟ್ಟೆಗೆ ಬರುವ ಹೊತ್ತಿಗೇ ಬೇಲಿ ಕಿತ್ತರು. ನಮಗೆ ಹತ್ತಿ ಮಾರುವ ದೇಶಗಳಲ್ಲಿ ಅಮೆರಿಕವೂ ಒಂದು. ಅಂದರೆ ಹೊಡೆದವರ ಹತ್ತಿಗೂ ಬಾಗಿಲು ತೆರೆಯಿತು! ಗಿರಣಿಗಳ ಕಷ್ಟ ಸುಳ್ಳಲ್ಲ. ಆದರೆ ಆ ಕಷ್ಟದ ಬಿಲ್ಲನ್ನು ರೈತನ ಹೆಸರಿಗೆ ಬರೆದವರು ಯಾರು?

ನಮ್ಮವರ ಬೇಲಿಯನ್ನೂ ಪರೀಕ್ಷಿಸಬೇಕು. 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಉಕ್ಕಿನ ಆಮದಿನ ಮೇಲೆ 200 ದಿನಗಳ ಮಟ್ಟಿಗೆ ಶೇ 12 ಸುಂಕ ಹಾಕಿದರು. ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಅದು ನೆರಳು. ಉಕ್ಕಿನ ಹಾಳೆ ಕೊಂಡು ದುಡಿಯುವ ಸಣ್ಣ ವರ್ಕ್‌ಶಾಪಿಗೆ ಅದೇ ಖರ್ಚು. ಬಲಿತ ಮರಕ್ಕೆ ಬೇಲಿ ಹಾಕಿ ಸಸಿಯ ನೀರು ಕಡಿಯುವುದು ಯಾವ ಸ್ವದೇಶಿ?

‘ಚೀನಾ ತಿರುಗಿ ಹೊಡೆಯಲಿಲ್ಲವೇ?’ ಎನ್ನುತ್ತೀರಿ. ಹೊಡೆಯಿತು. ಏಪ್ರಿಲ್‌ನಲ್ಲಿ ಅಮೆರಿಕ ಶೇ 145ಕ್ಕೆ ಹೋದರೆ ಚೀನಾ 125ಕ್ಕೆ ಹೋಯಿತು. ಮೇ ತಿಂಗಳಲ್ಲಿ ಇಬ್ಬರೂ ಇಳಿದರು. ಆದರೆ ಚೀನಾದ ನಿಜವಾದ ಬಲ ಆ 125ರಲ್ಲಿರಲಿಲ್ಲ. ಜಗತ್ತಿನ ಕಾರು ಕಾರ್ಖಾನೆಗಳಿಗೆ ಬೇಕಾದ ಅಪರೂಪದ ಲೋಹಗಳ ಅಯಸ್ಕಾಂತ ಅವರ ಕೈಯಲ್ಲಿತ್ತು. ಅದನ್ನು ತಡೆದಾಗ ನಮ್ಮ ವಾಹನ ಕಂಪನಿಗಳೂ ಕಂಗಾಲಾದವು. ನಮ್ಮ ಕೈಯಲ್ಲಿ ಅಂಥದ್ದೇನಿದೆ? ಏನೂ ಇಲ್ಲದೆ ನೂರು ಹಾಕಿದರೆ ತೆರುವವರು ಇಲ್ಲಿ ಕೊಳ್ಳುವವರು. ಬ್ರಿಟನ್ ಜೊತೆ ಜುಲೈನಲ್ಲಿ ಮಾಡಿಕೊಂಡಂಥ ಒಪ್ಪಂದಗಳಿಂದ ಬೇರೆ ಬಾಗಿಲು ಹುಡುಕುವುದು ಹೇಡಿತನವಲ್ಲ, ಲೆಕ್ಕ.

ಸುಂಕ ಯಾರದೇ ಆಗಲಿ, ಮೂರು ಮಾತು ಕೇಳೋಣ: ಯಾರನ್ನು ಕಾಯುತ್ತದೆ, ಎಲ್ಲಿಯವರೆಗೆ, ತೆರುವವರು ಯಾರು? ಉತ್ತರವಿದ್ದರೆ ಅದು ಬೇಲಿ. ಇಲ್ಲವಾದರೆ ಬಡಿಗೆ, ಅದನ್ನು ಹಿಡಿದ ಕೈ ನಮ್ಮದೇ ಆದರೂ.

ಮುಂದಿನ ಸಲ ಚಹಾಕ್ಕೆ ಸಿಕ್ಕಾಗ ಆ ಪರಿಚಿತರನ್ನು ಕೇಳಬೇಕೆಂದಿದ್ದೇನೆ: “ನೂರು ಹಾಕೋಣ್ರೀ. ಆದ್ರ ಆ ನೂರರೊಳಗ ನಿಮ್ಮ ಪಾಲೆಷ್ಟು, ಹತ್ತಿ ಬೆಳೆದವರ ಪಾಲೆಷ್ಟು?”