ಮೆಂತ್ಯ ತಿಂದವರನ್ನು ಕಾಫಿ ಕುಡಿದವರೆನ್ನುವ ವಿಜ್ಞಾನ

ಪೌಷ್ಟಿಕತೆಯ ಸಂಶೋಧನೆಯಲ್ಲಿ ಈಗ ಎಲ್ಲರ ಬಾಯಲ್ಲೂ ಮೆಟಬೊಲೋಮಿಕ್ಸ್. ಹೆಸರಿಗೆ ಹೆದರಬೇಕಿಲ್ಲ. ತಿಂದದ್ದು ಮೈಯೊಳಗೆ ಒಡೆದು, ಬೇರೆ ರೂಪ ತಾಳಿ, ರಕ್ತದಲ್ಲೋ ಮೂತ್ರದಲ್ಲೋ ಕಾಣಿಸಿಕೊಳ್ಳುವ ಸಾವಿರಾರು ಸಣ್ಣ ಅಣುಗಳನ್ನು ಒಟ್ಟಿಗೇ ಅಳೆಯುವ ವಿದ್ಯೆ ಅದು. 'ನಿನ್ನೆ ಏನು ತಿಂದಿರಿ?' ಎಂದು ಕೇಳಿದರೆ ಜನ ಮರೆತಿರುತ್ತಾರೆ, ಸಂಕೋಚಕ್ಕೆ ಒಂದೆರಡನ್ನು ಮುಚ್ಚಿಡುತ್ತಾರೆ. ಮೂತ್ರ ಮುಚ್ಚಿಡುವುದಿಲ್ಲ ಎಂಬುದು ಈ ವಿದ್ಯೆಯ ಭರವಸೆ. ಆ ಭರವಸೆಯ ಬಗ್ಗೆ ನನಗೆ ತಕರಾರಿಲ್ಲ, ನನ್ನ ಪಿಎಚ್‌ಡಿ ನಿಂತಿರುವುದೇ ಅದರ ಮೇಲೆ. ನನ್ನ ಜಗಳವೆಲ್ಲ ಈ ಡೇಟಾವನ್ನು ಓದಲು ನಮಗೆ ಕಲಿಸುತ್ತಿರುವ ರೀತಿಯ ಜೊತೆ.

ಟ್ರೈಗೊನೆಲಿನ್ ಎಂಬ ಅಣುವನ್ನೇ ತೆಗೆದುಕೊಳ್ಳಿ. ಮೂತ್ರದಲ್ಲಿ ಇದು ಹೆಚ್ಚಿದ್ದರೆ ಆ ವ್ಯಕ್ತಿ ಕಾಫಿ ಕುಡಿಯುವವರು ಎಂದು ಹಲವು ಅಧ್ಯಯನಗಳು ಸೂಚಿಸಿವೆ. ಮೆಂತ್ಯ ಅಪರೂಪವಾಗಿರುವ ದೇಶದಲ್ಲಿ ಆ ಓದು ನಡೆಯುತ್ತದೆ. ಆದರೆ ಆ ಅಣುವಿಗೆ ಹೆಸರು ಬಂದದ್ದೇ ಟ್ರೈಗೊನೆಲ್ಲಾದಿಂದ, ಅಂದರೆ ಮೆಂತ್ಯದ ಸಸ್ಯನಾಮದಿಂದ! ದೋಸೆ ಹಿಟ್ಟಿಗೆ ಮೆಂತ್ಯ, ಹುಳಿಪುಡಿಗೆ ಮೆಂತ್ಯ, ಉಪ್ಪಿನಕಾಯಿಗೆ ಮೆಂತ್ಯ, ಚಪಾತಿಗೂ ಮೆಂತ್ಯಸೊಪ್ಪು. ಸಕ್ಕರೆ ಕಾಯಿಲೆ ಇರುವವರಂತೂ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುತ್ತಾರೆ. ಇಂಥ ಊರಿನ ಮೂತ್ರವನ್ನು ಆ ಕಾಫಿ ಪಟ್ಟಿಯಿಂದ ಓದಿದರೆ, ಕಾಫಿಯ ವಾಸನೆಯೇ ಆಗದ ನನ್ನ ಅಜ್ಜಿಯೂ ದಿನಕ್ಕೆ ನಾಲ್ಕು ಲೋಟ ಕುಡಿಯುವವಳಾಗುತ್ತಾಳೆ. ಮುಂದಿನ ಹೆಜ್ಜೆ ಇನ್ನೂ ಅಪಾಯದ್ದು. 'ಕಾಫಿ ಸೇವನೆಗೂ ಮಧುಮೇಹಕ್ಕೂ ಸಂಬಂಧ' ಎಂದು ಪ್ರಬಂಧ ಬರೆಯಬಹುದು, ಅಂಕಿಗಳೂ ಒಪ್ಪುತ್ತವೆ. ಒಪ್ಪದೆ ಏನು? ಮಧುಮೇಹಿಗಳು ಮೆಂತ್ಯ ತಿನ್ನುತ್ತಿದ್ದಾರಲ್ಲ.

ಹಿಪ್ಪುರಿಕ್ ಆಮ್ಲದ ಕತೆಯೂ ಇಂಥದ್ದೇ. ಹಣ್ಣು, ಚಹಾ, ಸೊಪ್ಪು ಹೆಚ್ಚು ತಿಂದರೆ ಮೂತ್ರದಲ್ಲಿ ಅದು ಏರುತ್ತದೆ. ಬಾಟಲಿ ಉಪ್ಪಿನಕಾಯಿಗೆ, ಸಾಸಿಗೆ ಕೆಡದಂತೆ ಹಾಕುವ ಬೆಂಜೋಯೇಟ್‌ನಿಂದಲೂ ಏರುತ್ತದೆ. ತೋಟದ ಪೇರಲೆಯಿಂದ ಬಂತೋ ಅಂಗಡಿಯ ಬಾಟಲಿಯಿಂದ ಬಂತೋ ಎಂಬುದನ್ನು ಆ ಒಂದು ಅಣು ಹೇಳಲಾರದು.

ನಾನು ಹೋಗಿದ್ದ ಕಾರ್ಯಾಗಾರವೊಂದರಲ್ಲಿ ಮಾದರಿ ಡೇಟಾ ಕೊಟ್ಟು, ಮೆಟಬೊಅನಲಿಸ್ಟ್ ತಾಣಕ್ಕೆ ಏರಿಸಲು ಹೇಳಿದರು. ಇಲ್ಲಿ ಒತ್ತಿ, ಮುಂದೆ ಒತ್ತಿ, ಈಗ ಪಿಎಲ್‌ಎಸ್-ಡಿಎ. ಪರದೆಯ ಮೇಲೆ ಒಂದು ಕೆಂಪು, ಒಂದು ಹಸಿರು ಮೊಟ್ಟೆ ಅತ್ತಿತ್ತ ಸರಿದು ನಿಂತವು, ಎಲ್ಲರೂ ಫೋಟೋ ತೆಗೆದುಕೊಂಡರು. ಆ ವಿಧಾನಕ್ಕೆ ಯಾರು ಯಾವ ಗುಂಪು ಎಂದು ನಾವೇ ಮೊದಲು ಹೇಳಿಕೊಟ್ಟಿರುತ್ತೇವೆ. ಮೂವತ್ತು ಜನ, ಮೂರು ಸಾವಿರ ಅಣುಗಳು ಇದ್ದಾಗ ಬಾಯಿಗೆ ಬಂದ ಅಂಕಿ ತುಂಬಿದರೂ ಅದು ಮೊಟ್ಟೆಗಳನ್ನು ಬೇರೆ ಮಾಡಿಯೇ ತೋರಿಸುತ್ತದೆ. ಗುಂಪಿನ ಚೀಟಿಗಳನ್ನು ಕಲಸಿ ಮತ್ತೆ ಮತ್ತೆ ಓಡಿಸಿ, ನಿಜವಾದ ಚೀಟಿಗಳಿಗೆ ಬಂದ ಫಲ ಅದಕ್ಕಿಂತ ಮೇಲಿದೆಯೇ ಎಂದು ನೋಡಬೇಕು. ಆ ಗುಂಡಿಯೂ ಅದೇ ತಾಣದಲ್ಲಿದೆ. ಅದನ್ನು ಒತ್ತಲು ಸಮಯ ಸಾಲಲಿಲ್ಲ. 'ಸರ್, ಮಾದರಿ ಕೊಟ್ಟವರು ಹಿಂದಿನ ರಾತ್ರಿ ಏನು ತಿಂದಿದ್ದರು?' ಎಂದು ಕೇಳಿದೆ. 'ಅದು ಡೇಟಾ ಅನಾಲಿಸಿಸ್‌ಗೆ ಬರಲ್ಲಮ್ಮ' ಎಂದರು.

ಬರುತ್ತದೆ. ಮೊದಲ ಹೆಜ್ಜೆಯಲ್ಲೇ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಣದ ಅಣುವಿನ ಕಾಲಂ ಅಳಿಸಿಹಾಕು ಎಂಬುದು ಎಲ್ಲೆಡೆ ಚಾಲ್ತಿಯಲ್ಲಿರುವ ರೂಢಿ. ನೂರು ಜನರಲ್ಲಿ ಇಪ್ಪತ್ತು ಮಂದಿ ಮಾತ್ರ ಹುರುಳಿ ತಿಂದಿದ್ದರೆ ಹುರುಳಿಯ ಗುರುತು ಉಳಿದ ಎಂಬತ್ತು ಮಂದಿಯಲ್ಲಿ ಇರುವುದಿಲ್ಲ, ಇರಬಾರದು ಕೂಡ. ಆ ಖಾಲಿ ಮನೆ ಯಂತ್ರದ ಲೋಪವಲ್ಲ, ಊಟದ ಬಗ್ಗೆ ಸಿಕ್ಕ ಉತ್ತರ. ರೂಢಿ ಅದನ್ನು ಕಸವೆಂದು ಗುಡಿಸುತ್ತದೆ. ಇಲ್ಲವೇ ಸಣ್ಣದೊಂದು ಅಂಕಿ ತುಂಬಿ, ಎಲ್ಲರೂ ಚಿಟಿಕೆ ಹುರುಳಿ ತಿಂದವರಂತೆ ಮಾಡುತ್ತದೆ. ಎಲ್ಲರೂ ತಿನ್ನುವ ಅಕ್ಕಿ ಉಳಿಯುತ್ತದೆ, ಕೆಲವರು ತಿನ್ನುವುದು ಹೋಗುತ್ತದೆ. ಆಮೇಲೆ 'ಸಿರಿಧಾನ್ಯಗಳಿಗೆ ಸ್ಪಷ್ಟ ಗುರುತು ಸಿಗಲಿಲ್ಲ' ಎಂದು ಬರೆಯುತ್ತೇವೆ. ಇದಕ್ಕೇ ನಾನು ಗುಂಡಿ ಒತ್ತುವುದಕ್ಕಿಂತ ಆರ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯುವುದನ್ನು ಮೊದಲು ಕಲಿಸಿ ಎನ್ನುವುದು. ಅಳಿಸಿದ್ದು ಯಾರು, ಯಾವ ಸಾಲಿನಲ್ಲಿ ಎಂಬುದಾದರೂ ಬರಹದಲ್ಲಿ ಉಳಿಯುತ್ತದೆ.

ಉಳಿದ ಅಣುಗಳಿಗೆ ಹೆಸರಿಡುವ ಪಾಡು ಬೇರೆ. ಗುರುತಿಸುವಿಕೆಗೆ 2007ರಲ್ಲೇ ನಾಲ್ಕು ಹಂತ ಗೊತ್ತುಮಾಡಿದ್ದಾರೆ. ಶುದ್ಧ ವಸ್ತುವನ್ನು ತರಿಸಿ, ನಮ್ಮದೇ ಯಂತ್ರದಲ್ಲಿ ಓಡಿಸಿ ತಾಳೆ ನೋಡಿದರೆ ಮೊದಲ ಹಂತ. ಬೇರೆಯವರ ಗ್ರಂಥಾಲಯಕ್ಕೆ ಹೋಲಿಸಿ ಹೇಳಿದರೆ ಎರಡನೆಯದು. ಹೆಸರಿಲ್ಲದ್ದು ನಾಲ್ಕನೆಯದು. ಇಂಥ ಪ್ರಯೋಗಗಳಲ್ಲಿ ಸರಾಸರಿ ಶೇ. 1.8ರಷ್ಟು ರೋಹಿತಗಳಿಗಷ್ಟೇ ಹೆಸರು ಹಚ್ಚಲು ಆಗುತ್ತಿದೆ ಎಂದು 2015ರಲ್ಲಿ ಪಿಎನ್‌ಎಎಸ್ ಪತ್ರಿಕೆಯ ಲೇಖನವೊಂದು ಹೇಳಿತು. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೂ ಬಹುಪಾಲು ಇನ್ನೂ ಅನಾಮಿಕ. ಸಂಶೋಧನಾ ಪ್ರಬಂಧಗಳಲ್ಲಿ ಎರಡನೇ ಹಂತದ ಊಹೆ ಮೊದಲ ಹಂತದ ಗತ್ತಿನಲ್ಲಿ ಕೂತಿರುತ್ತದೆ.

ಸಾಹಿತ್ಯದ ಓದುಗರಿಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಈ ಡೇಟಾದ ಅರ್ಧ ಭಾಗ ಭಾಷೆಯಿಂದ ಬಂದದ್ದು. ಇಂಗ್ಲಿಷಿನಿಂದ ತಂದ ಪ್ರಶ್ನಾವಳಿಯಲ್ಲಿ 'ಹಸಿರು ಸೊಪ್ಪು: ವಾರಕ್ಕೆ ಎಷ್ಟು ಸಲ' ಎಂದಿರುತ್ತದೆ. ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿನಲ್ಲಿ ಎಷ್ಟು ಗಿಡಗಳಿರುತ್ತವೆ ಎಂದು ಕೋಲಾರದ ಕಡೆಯವರನ್ನು ಕೇಳಿ ನೋಡಿ. ಬಸ್ಸಾರನ್ನು ಯಾವ ಮನೆಯಲ್ಲಿ ಬರೆಯಬೇಕು? ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ನೀರಿನಲ್ಲಿ ಕರಗುವ ಅಣುಗಳಲ್ಲಿ ಬಹಳಷ್ಟು ಕಟ್ಟಿನ ಜೊತೆ ಹೋದವು. ಪಲ್ಯ ಬಡಿಸಿಕೊಂಡವರ ಮುಂದೆ ಪ್ರಶ್ನಾವಳಿ 'ಸೊಪ್ಪು' ಎಂದು ಗುರುತು ಹಾಕುತ್ತದೆ. ಕೊನೆಗೆ ಕೂತು ಬರೀ ಸಾರಿನಲ್ಲಿ ಮುದ್ದೆ ಉಂಡ ಹೆಂಗಸಿನ ಮುಂದೆ ಏನೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರಗಳಿವೆ. ದೊಡ್ಡ ಕೆಲಸ, ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಆದರೆ ಅದು ಮುಖ್ಯವಾಗಿ ಹಸಿ ಪದಾರ್ಥಗಳ ಲೆಕ್ಕ. ಬಸಿಯುವುದು, ಹುದುಗಿಸುವುದು, ಒಗ್ಗರಣೆ ಇವೆಲ್ಲ ಅಡುಗೆಮನೆಯ ಕ್ರಿಯಾಪದಗಳು. ಆ ಕ್ರಿಯಾಪದಗಳು ಗೊತ್ತಿಲ್ಲದವರು ಡೇಟಾ ಓದುತ್ತಿದ್ದೇವೆ ಎನ್ನುತ್ತಿದ್ದಾರೆ.

'ಮೊದಲು ಟೂಲ್ ಕಲಿ, ಉಳಿದದ್ದು ತಾನಾಗಿ ಬರುತ್ತೆ' ಎಂದು ಸೀನಿಯರ್‌ಗಳು ಹೇಳುತ್ತಾರೆ. ಐದು ವರ್ಷದ ಫೆಲೋಶಿಪ್ಪಿನಲ್ಲಿ ತಾನಾಗಿ ಬರುವುದು ಕೊನೆಯ ದಿನಾಂಕ ಒಂದೇ. ನಾನು ಕೇಳುತ್ತಿರುವುದು ಹೊಸ ಯಂತ್ರವನ್ನಲ್ಲ. ಡೇಟಾ ಕಲಿಯಲು ಬಂದ ವಿದ್ಯಾರ್ಥಿಯ ಕೈಗೆ ಮೊದಲ ದಿನ ಕಡತ ಕೊಡುವ ಬದಲು ಒಂದು ಹಿಡಿ ಮೆಂತ್ಯ, ಒಂದು ಹಿಡಿ ಹುರುಳಿ, ಒಂದು ಲೋಟ ಕಟ್ಟು ಕೊಡಿ. ಅವುಗಳ ಸಾರ ತೆಗೆದು ಅವರೇ ಯಂತ್ರದಲ್ಲಿ ಓಡಿಸಲಿ, ಯಾವ ಗುರುತು ಎಲ್ಲಿಂದ ಬಂತೆಂದು ಅವರೇ ಬರೆದಿಡಲಿ. ಎರಡು ದಿನದ ಕೆಲಸ. ಉದ್ಘಾಟನಾ ಸಮಾರಂಭವನ್ನು ಕೈಬಿಟ್ಟರೆ ಅದರಲ್ಲಿ ಅರ್ಧ ದಿನ ಅಲ್ಲೇ ಸಿಗುತ್ತದೆ.