ಕೇಳುವುದಕ್ಕೆ ಬೇಕಾದ ಕಾಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ, ಪ್ರಬಂಧವನ್ನೊಪ್ಪಿಸುವ ದಿನ ಸಮೀಪಿಸಿತೆಂದರೆ, ಮುದ್ರಿತ ಪ್ರಶ್ನಾವಳಿಯ ಕಟ್ಟನ್ನು ಹಿಡಿದ ವಿದ್ಯಾರ್ಥಿಗಳು ಬೀಡಿ ಕಟ್ಟುವ ಹೆಂಗಸರ ಜಗಲಿಯನ್ನೇರಿ, ಅರ್ಧ ಗಂಟೆಯೊಳಗೆ ಅವರ ಆದಾಯ, ಆರೋಗ್ಯ, ಆಕಾಂಕ್ಷೆಗಳೆಲ್ಲವನ್ನೂ ಗುರುತುಹಾಕಿಕೊಂಡು ಇಳಿಯುವುದನ್ನು ಕಾಣುತ್ತೇವೆ. ಇದನ್ನು ಗುಣಾತ್ಮಕ ಅಧ್ಯಯನವೆಂದು ಕರೆಯುವುದಕ್ಕೆ ನನ್ನ ಸಮ್ಮತಿಯಿಲ್ಲ.

ಉತ್ಕೃಷ್ಟವಾದ ಮಾದರಿಯೊಂದು ಈ ಸೀಮೆಯಲ್ಲಿಯೇ ಇರುವಾಗ ನಾವು ಅದನ್ನು ಮರೆತಿರುವುದು ಸೋಜಿಗ. ಉಜಿರೆಯ ಸಮೀಪದ ಮಾಚಾರಿನ ಕೃಷಿಕರಾದ ಗೋಪಾಲ ನಾಯ್ಕರು ಹಾಡಿದ ‘ಸಿರಿ’ ಎಂಬ ತುಳು ಮಹಾಕಾವ್ಯವನ್ನು, ಫಿನ್ಲೆಂಡಿನ ಲೌರಿ ಹಾಂಕೊ, ಅನ್ನೆಲಿ ಹಾಂಕೊ ದಂಪತಿಗಳು, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರೊಡಗೂಡಿ, 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯ ಅಚ್ಚಾಗಿ ಹೊರಬಂದುದು 1998ರಲ್ಲಿ, ಹೆಲ್ಸಿಂಕಿಯಿಂದ. ಹಾಡಿಕೆಗೆ ಹಿಡಿದದ್ದು ಕೆಲವೇ ದಿನಗಳಾದರೆ, ಕೇಳಿದ್ದನ್ನು ಅರಿಯುವುದಕ್ಕೆ ಹಿಡಿದದ್ದು ವರ್ಷಗಳು. ಗದ್ದೆಯ ಕೆಲಸದ ನಡುವೆ ಹಾಡುವ ಸಿರಿ ಬೇರೆ, ಜಾತ್ರೆಯ ಆವೇಶದಲ್ಲಿ ಮೂಡುವ ಸಿರಿ ಬೇರೆ, ಕೇಳುವವರ ಮುಂದೆ ನಿರಾತಂಕವಾಗಿ ಕುಳಿತು ಹೇಳುವ ಸಿರಿ ಬೇರೆ ಎಂಬುದು ಇಂತಹ ಸಾವಧಾನಕ್ಕಲ್ಲದೆ ದಕ್ಕದು. ಒಬ್ಬ ಗಾಯಕನಿಂದ ಸಮುದಾಯದ ವಿಷಯ ಏನು ತಿಳಿದೀತೆಂದು ಕೇಳುವ ಪರೀಕ್ಷಕರು ನಮ್ಮಲ್ಲಿ ಈಗಲೂ ಉಂಟು. ಅವರು ಆ ಕಾವ್ಯದ ಸಂಪುಟಗಳನ್ನೊಮ್ಮೆ ತಿರುವಿಹಾಕುವುದು ಮೇಲು.

ವಿದೇಶೀ ವಿದ್ವಾಂಸರಿಗಿದ್ದ ಅನುಕೂಲ ನಮ್ಮ ಕಾಲೇಜಿನ ಹುಡುಗರಿಗೆಲ್ಲಿಯದು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಮೂಡುಬಿದಿರೆಯ ಅಥವಾ ಉಜಿರೆಯ ವಿದ್ಯಾರ್ಥಿಗೆ ಹಾಂಕೊ ಅವರಿಗಿಲ್ಲದ ಸೌಭಾಗ್ಯವೊಂದುಂಟು: ಆತನಿಗೆ ಮನೆಮಾತಾಗಿಯೇ ತುಳುವೋ ಬ್ಯಾರಿಯೋ ಬರುತ್ತದೆ. ಅಂತಹವನ ಕೈಗೆ ಕನ್ನಡದ ಪ್ರಶ್ನಾವಳಿಯನ್ನಿತ್ತು, ತುಳುವಿನಲ್ಲಿ ಬಂದ ಉತ್ತರವನ್ನು ಅಲ್ಲಿಯೇ ಇಂಗ್ಲಿಷಿಗೆ ತಿರುಗಿಸಿ ಬರೆಯೆಂದು ನಾವೇ ವಿಧಿಸುತ್ತೇವೆ.

ಯೋಜನೆಯ ಹಾಳೆಯಲ್ಲಿ ಅಪರೂಪವಾಗಿ ಕಾಣುವ ಮತ್ತೊಂದು ಸಂಗತಿ ಭಯದ್ದು. ಎಲೆ ಕಡಮೆ ಬಂತು, ಕಟ್ಟಿದ ಬೀಡಿಯಲ್ಲಿ ಇಷ್ಟನ್ನು ತಿರಸ್ಕರಿಸಿದರು ಎಂದು ಹೇಳಿದಾಕೆ ಮರುದಿನ ಎಲೆ ಕೊಡುವ ಅದೇ ಬೀಡಿ ಬ್ರಾಂಚಿಗೆ ಕಟ್ಟಿದ್ದನ್ನೊಯ್ಯಬೇಕು. ಹೆಸರನ್ನು ಅಳಿಸಿದರೂ, ಗ್ರಾಮ, ವಯಸ್ಸು, ಮಕ್ಕಳ ಸಂಖ್ಯೆಗಳನ್ನು ಬರೆದರೆ, ಆಕೆ ಯಾರೆಂದು ಊರಿಗೆ ಊರೇ ಬಲ್ಲುದು.

ಆದುದರಿಂದ ವಿಶ್ವವಿದ್ಯಾನಿಲಯವು ಐವತ್ತು, ನೂರು ಮಂದಿಯೆಂಬ ಮಾಹಿತಿದಾರರ ಲೆಕ್ಕವನ್ನು ಕೈಬಿಟ್ಟು, ಮೂರೋ ನಾಲ್ಕೋ ಮನೆಗಳಿಗೆ ವರ್ಷಪೂರ್ತಿ ಹೋಗಿಬರುವ ಅವಕಾಶವನ್ನು ಕಲ್ಪಿಸಲಿ. ಕೇಳಿದ್ದನ್ನು ಹೇಳಿದವರ ಮಾತಿನಲ್ಲಿಯೇ ಬರೆದು, ಅವರಿಗೆ ಓದಿಹೇಳಿ, ಅವರು ಬೇಡವೆಂದ ಸಾಲನ್ನು ತೆಗೆದುಹಾಕಿದ ವಿದ್ಯಾರ್ಥಿಗೆ ಅಂಕವನ್ನು ಕಡಿಯದಿರಲಿ.